ಬಿಲ್ಲಿಗಿಂತ ಮೊದಲು ಮನೆಗೆ ಹೋಗುವ ಸೀರೆಗಳು

ಇಲ್ಲ ಸರ್, ಬದಲಾಗಬೇಕಾದದ್ದು ಬೈಲಹೊಂಗಲದ ಪದ್ಧತಿಯಲ್ಲ, ನಿಮ್ಮ ಸಾಫ್ಟ್‌ವೇರು!

ಗೆಳೆಯರೇ, ನಾನು ಕೆಲಸ ಮಾಡುವ ಸೀರೆ ಅಂಗಡಿಗೆ ಇವತ್ತು ಒಬ್ಬರು ಬಿಲ್ ಮಾಡುವ ಸಾಫ್ಟ್‌ವೇರ್ ಮಾರಲು ಬಂದಿದ್ದರು. ಮಾಲೀಕರು ಸಹಿ ಹಾಕಲು ಪೆನ್ನು ತೆಗೆದಾಗಿತ್ತು. ನಾನು ತಡೆದೆ.

"ಮದುವಿ ಮನಿಗೆ ಸೀರಿ ಗಂಟು ಕಟ್ಟಿ ನೋಡಾಕ ಕಳಸ್ತೀವಿ, ಅವರು ಇಟ್ಕೊಂಡಿದ್ದಕ್ಕಷ್ಟ ಆಮ್ಯಾಲ ಬಿಲ್ ಮಾಡ್ತೀವಿ. ಇದರಾಗ ಅದನ್ನ ಎಲ್ಲಿ ಬರಿಯೂದ್ರೀ?"

"ಮೊದಲ ಬಿಲ್ ಮಾಡ್ರಿ. ಬ್ಯಾಡಾದ ಸೀರಿ ರಿಟರ್ನ್ ಹಾಕ್ರಿ," ಎಂದರು ಮಾರಲು ಬಂದವರು.

ಮಾಲೀಕರು ಪೆನ್ನು ಮುಚ್ಚಿದರು. "ಸೀರಿಗಿಂತ ಮೊದಲ ಬಿಲ್ ಕಂಡ್ರ ಮದುಮಗಳ ಅಜ್ಜಿ ಗಂಟು ಬಿಚ್ಚಾಕೂ ಬಿಡಾಂಗಿಲ್ರೀ!"

"ಗಿರಾಕಿಗೋಳಿಗೆ ಟ್ರೇನಿಂಗ್ ಕೊಡೂಣ ತಗೋರಿ," ಎಂದರು ಬಂದವರು.

ನನಗೆ ಹುರುಪು ತಡೆಯಲಾಗಲಿಲ್ಲ. ಆ ಮದುವೆ ಮನೆಗೆಂದು ಕಟ್ಟಿಟ್ಟಿದ್ದ ಸೀರೆ ಗಂಟನ್ನು ಹೆಗಲಿಗೇರಿಸಿದೆ. "ಬರ್ರಿ ಹಂಗಾರ, ಆ ಅಜ್ಜಿ ಕಡಿಂದನ ಶುರು ಮಾಡೂಣ!"

ಮಾರಲು ಬಂದವರು ಕುರ್ಚಿ ಬಿಟ್ಟು ಏಳಲೇ ಇಲ್ಲ. ಪಾಪ, ಬೆವರುತ್ತಿದ್ದರು. ಎಸಿ ತಂಪು ಹೊರಗೆ ಹೋಗದಿರಲಿ ಎಂದು ಬಾಗಿಲು ಹಾಕಿಕೊಂಡು ಗಂಟಿನೊಂದಿಗೆ ಹೊರಟು ಬಂದೆ.