ಎರಡು ತುಂಡಾದ ಮಂಗಳಯಾತ್ರೆ

ಗೆಳೆಯರೇ, ಇವತ್ತು ತಲೆ ಕೆಟ್ಟುಹೋಯಿತು. ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದು ಪುಸ್ತಕವಿಟ್ಟು ಇನ್ನೊಂದು ಒಯ್ಯುವ ರೂಢಿಯಿದೆ. ಮಂಗಳ ಗ್ರಹಕ್ಕೆ ಹೊರಟವರ ಕಾದಂಬರಿಯನ್ನು ಯಾವನೋ ಪುಣ್ಯಾತ್ಮ, ಇಬ್ಬರು ಒಟ್ಟಿಗೇ ಓದಲೆಂದು, ನಡುವೆ ಹರಿದು ಎರಡು ಮಾಡಿಟ್ಟಿದ್ದ. ನನಗೆ ಸಿಕ್ಕಿದ್ದು ಮೊದಲರ್ಧ. ಹದಿನೈದು ದಿನದಿಂದ ನೌಕೆಯಲ್ಲಿ ಗಾಳಿ ಮುಗಿಯುತ್ತಿದೆ, ಇಲ್ಲಿ ನನಗೆ ಉಸಿರುಗಟ್ಟಿದೆ. ಇವತ್ತು ಉಳಿದರ್ಧ ಹಿಡಿದು ಸವದತ್ತಿಯವನೊಬ್ಬ ಬಂದ.

"ತಗೋರಿ ಯಜಮಾನ್ರ. ಚಿಂತಿ ಬ್ಯಾಡ್ರಿ, ಎಲ್ಲಾರೂ ಉಳೀತಾರ. ಡಾಕ್ಟರಬಾಯಿ ಒಬ್ಬಾಕಿ ಸಾಯ್ತಾಳ."

"ನಿನಗ ಯಾವಾಂವ ಕೇಳಿದ್ನಲೇ?"

"ನಿಮಗ ಸಮಾಧಾನ ಆಗ್ಲಿ ಅಂತ ಹೇಳಿದ್ನಿರಿ. ನಿಮ್ಮ ಅರ್ಧದಾಗ ಏನೈತಿ ಅಂತ ನೀವು ಹೇಳಬ್ಯಾಡ್ರಿ ಮತ್ತ, ಓದೂ ಮಜಾ ಹೋಗ್ತೈತಿ!"

ಹೇಳಲಿಲ್ಲ. ಕೊಡಲೂ ಇಲ್ಲ. ಎರಡೂ ತುಂಡು ಬಗಲಿಗೆ ಹಾಕಿಕೊಂಡು ಎದ್ದುಬಂದೆ. ಓದುವ ಮನಸ್ಸು ಮಾತ್ರ ಅವನ ಜೊತೆಗೇ ಸವದತ್ತಿ ಬಸ್ಸು ಹತ್ತಿತು.