ಸಿಂಹದ ಪೆಟ್ಟು, ಹುಲಿಯ ಪೆಟ್ಟು ಬಲ್ಲ ದೊಡ್ಡಹನುಮಯ್ಯ

ಬೆಳಗಿನ ಐದೂಮುಕ್ಕಾಲು. ರಾಜಾಜಿನಗರದ ಕಾರ್ಖಾನೆಗಳ ಹಿಂದಿನ ಬಯಲಿನಲ್ಲಿ ಸರ್ಕಸ್ಸಿನ ಡೇರೆಗೆ ಇನ್ನೂ ಎಚ್ಚರವಾಗಿಲ್ಲ. ಶಿವರಾತ್ರಿಗೆ ಶಿವಶಿವಾ ಎನ್ನುತ್ತ ಓಡಿಹೋಗಬೇಕಾದ ಚಳಿ, ಹಬ್ಬಕ್ಕೆ ಇನ್ನೂ ಎರಡು ವಾರ ಇದೆಯಲ್ಲ ಎಂಬ ಧೈರ್ಯದಲ್ಲಿ ಕಿವಿ ಕಚ್ಚುತ್ತಿದೆ. ಡೇರೆಯ ಹಿಂದೆ ಸಾಲಾಗಿ ನಿಂತ ಐದು ಗಾಲಿಬೋನುಗಳು. ಅದರಲ್ಲೊಂದರ ಮುಂದೆ ತಲೆಗೆ ಮಫ್ಲರ್ ಸುತ್ತಿದ ಸಣಕಲು ಮನುಷ್ಯರೊಬ್ಬರು ಉದ್ದನೆಯ ಕಬ್ಬಿಣದ ಸಲಾಕೆಯ ತುದಿಗೆ ಮಾಂಸದ ತುಂಡು ಸಿಕ್ಕಿಸಿ, ಕಂಬಿಗಳ ಹೊರಗೆ ಎತ್ತರಕ್ಕೆ ಹಿಡಿದು ನಿಂತಿದ್ದಾರೆ. ಒಳಗೆ ಹೆಣ್ಣು ಹುಲಿ.

“ಏಳವ್ವ, ಏಳು. ಇನ್ನೊಂದ್ ಚೂರು. ನಿಂತ್ಕಂಡು ಹೊಡಿ, ನೋಡಾನ.”

ಹುಲಿ ಮುಂಗಾಲುಗಳನ್ನು ಒಂದು ಗೇಣು ಎತ್ತುತ್ತದೆ. ಎಡಭುಜ ನಡುಗುತ್ತದೆ. ಧೊಪ್ಪನೆ ಕೆಳಗಿಟ್ಟು ಮುಖ ತಿರುಗಿಸಿಕೊಳ್ಳುತ್ತದೆ. ಸಲಾಕೆ ಕೆಳಗಿಳಿಯುವುದಿಲ್ಲ. ಹೀಗೆ ಹನ್ನೊಂದು ಸಲ. ನಾನು ಎಣಿಸಿದೆ. ನನ್ನ ಕತ್ತೇ ನೋಯತೊಡಗಿತು, ಅವರ ರಟ್ಟೆ ಮಾತ್ರ ಜಗ್ಗಲಿಲ್ಲ.

ಇವರು ದೊಡ್ಡಹನುಮಯ್ಯ. ವಯಸ್ಸು ಐವತ್ತೆರಡು, ಊರು ಕೆಂಗೇರಿ. ಈ ಸರ್ಕಸ್ಸಿನಲ್ಲಿ ಬೋನಿನ ಬಾಗಿಲಿನ ಹಗ್ಗ ಎಳೆಯುವ ಕೆಲಸ. ಹುಲಿಯ ಹೆಸರು ಚಂದ್ರಿ. ಹೋದ ಆಯುಧಪೂಜೆಯ ದಿನ ಸಿಂಹದೊಡನೆ ಕಾದಾಡಿ ಭುಜ ಹರಿಸಿಕೊಂಡವಳು. ನಾಲ್ಕು ತಿಂಗಳಿಂದ ರಿಂಗಿಗೆ ಇಳಿದಿಲ್ಲ. ಈ ಬಿಡಾರ ಎತ್ತುವಷ್ಟರಲ್ಲಿ ಅವಳನ್ನು ಮಾರಿಬಿಡುವುದೆಂದು ಮ್ಯಾನೇಜರು ತೀರ್ಮಾನಿಸಿದ್ದಾರೆ. ವ್ಯಾಪಾರಿಯೊಬ್ಬ ಬಂದು ನೋಡಿಕೊಂಡೂ ಹೋಗಿದ್ದಾನೆ.

“ಹುಲಿ ಕೊಳ್ಳೋನು ಹಲ್ಲು ನೋಡ್ತಾನೆ, ಕಣ್ಣು ನೋಡ್ತಾನೆ ಸ್ವಾಮಿ,” ಎನ್ನುತ್ತಾರೆ ದೊಡ್ಡಹನುಮಯ್ಯ, ದನಿ ತಗ್ಗಿಸಿ. “ಇವ್ನು ಬೆನ್ನಿನ ಚರ್ಮ ನೋಡ್ದ. ಎಷ್ಟುದ್ದ ಐತೆ ಅಂತ ಕಣ್ಣಲ್ಲೇ ಅಳೀತಿದ್ದ.”

ನಿಜ ಹೇಳಬೇಕೆಂದರೆ ನಾನಿಲ್ಲಿಗೆ ಬಂದದ್ದು ಇವರನ್ನು ಹುಡುಕಿಕೊಂಡಲ್ಲ, ಜಗಳ ತೀರಿಸಿಕೊಳ್ಳಲು. ನಮ್ಮ ಬಸವೇಶ್ವರನಗರದ ಹೋಟೆಲಿನಲ್ಲಿ ಪದ್ಮನಾಭ ಮೇಷ್ಟ್ರೆಂಬ ಗೆಳೆಯರಿದ್ದಾರೆ. ಒಂದು ಕಾಫಿಯನ್ನು ಎರಡು ಲೋಟ ಮಾಡಿಸಿ ಎರಡು ಗಂಟೆ ವಾದ ಮಾಡುವ ಮಹಾನುಭಾವರು. ಸಿಂಹಕ್ಕೂ ಹುಲಿಗೂ ಬಿದ್ದರೆ ಗೆಲ್ಲುವುದು ಸಿಂಹವೇ, ಇಲ್ಲದಿದ್ದರೆ ಸಿಂಹಾಸನಕ್ಕೆ ಹುಲಿಯಾಸನ ಎನ್ನುತ್ತಿರಲಿಲ್ಲವೇ ಎಂಬುದು ಅವರ ತರ್ಕ. ಎಲಾ ಇವರ! ಎಂದುಕೊಂಡು ಸರ್ಕಸ್ಸಿನವರನ್ನೇ ಕೇಳಿಬಿಡೋಣವೆಂದು ಬಂದೆ. ನಾನು ಪತ್ರಿಕೆಗೆ ಬರೆಯುವವನೆಂದು ತಿಳಿದು ಮ್ಯಾನೇಜರ್ ಶಂಭುಲಿಂಗಪ್ಪನವರು ಎದ್ದು ಬೋನಿನ ಸಾಲು ತೋರಿಸಿದರು. “ಅದನ್ನೆಲ್ಲ ನಮ್ಮ ಹನುಮಯ್ಯನ್ನ ಕೇಳಿ. ಎರಡೂ ಕಚ್ಚಾಡ್ತಿದ್ದಾಗ ಬಿಡಿಸಿದ ಗಂಡು ಅವ್ನು. ಬರೆಯೋದಾದ್ರೆ ಅವ್ನ ಬಗ್ಗೆ ಬರೀರಿ, ಸರ್ಕಸ್ ಹೆಸ್ರು ಬೇಡ.”

ದೊಡ್ಡಹನುಮಯ್ಯ ನನ್ನ ಪ್ರಶ್ನೆಗೆ ಬಾಯಲ್ಲಿ ಉತ್ತರಿಸಲಿಲ್ಲ. ಸಲಾಕೆ ಪಕ್ಕಕ್ಕಿಟ್ಟು ಎರಡೂ ಕೈ ನೆಲಕ್ಕೂರಿ ನಾಲ್ಕು ಕಾಲಿನವರಾದರು. ಬಲಗೈ ಎತ್ತಿ ಗಾಳಿಗೆ ಒಂದು ಬಾರಿಸಿದರು. “ಇದು ಸಿಮ್ಮ. ಮೂರು ಕಾಲು ನೆಲದಾಗೆ, ಒಂದೇ ಕೈ ಕೆಲಸ. ಒನಕೆ ಹಾಕ್ದಂಗೆ ಪೆಟ್ಟು. ಮೊದ್ಲು ಗರ್ಜಿಸ್ತದೆ, ಎದೆ ಉಬ್ಬಿಸ್ತದೆ. ಹೆದರ್ಕಂಡು ಹೋಗ್ತೀಯೋ ಇಲ್ವೋ ಅಂತ ಟೈಮ್ ಕೊಡ್ತದೆ.”

ಆಮೇಲೆ ಎದ್ದು ಮೊಣಕಾಲು ಬಗ್ಗಿಸಿ ನಿಂತು, ಎರಡೂ ಕೈಗಳಿಂದ ನನ್ನ ಮುಖದ ಮುಂದೆಯೇ ಪಟಪಟನೆ ಬೀಸಿದರು. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. “ಇದು ಹುಲಿ. ಸದ್ದಿಲ್ಲ ಗದ್ದಲಿಲ್ಲ. ಹಿಂಗಾಲ ಮೇಲೆ ಎದ್ದು ಎರಡೂ ಕೈಲಿ ಬಡೀತದೆ. ಕಣ್ಣೆಲ್ಲ ಕುತ್ತಿಗೆ ಮ್ಯಾಲೆ. ಆದ್ರೆ ಸಿಮ್ಮದ ಕುತ್ತಿಗೆಗೆ ಬಾಯಿ ಹಾಕುದ್ರೆ ಸಿಗೋದು ಏನು? ಬಾಯಿ ತುಂಬ ಕೂದ್ಲು!”

ಹಾಗಾದರೆ ಗೆಲ್ಲುವುದು ಯಾರು? ಅವರು ನಕ್ಕರು. “ಸಿಮ್ಮ ಹಿಂದಕ್ಕೆ ಹೋಗಕ್ಕಿಲ್ಲ ಸ್ವಾಮಿ. ಅದು ಮನೆ ತುಂಬ ಜನ ಇರೋ ಪ್ರಾಣಿ. ಕಾಡಲ್ಲಿ ಅದು ಬಿದ್ರೂ ಹೆಂಡ್ರು ಬ್ಯಾಟೆ ತತ್ತಾರೆ. ನಾಕು ಜನ ನೋಡ್ತಾವ್ರೆ ಅಂತ ಮರ್ವಾದೆಗೆ ನಿಂತ್ಕತ್ತದೆ. ಹುಲಿ ಒಂಟಿ. ಕಾಲು ಮುರುದ್ರೆ ತಂದಿಕ್ಕೋರು ಯಾರು? ಅದುಕ್ಕೆ ದಾರಿ ಸಿಕ್ತು ಅಂದ್ರೆ ಬುಟ್ಟು ಹೋಗ್ತದೆ. ಜನ ಅದುನ್ನ ಪುಕ್ಲು ಅಂತಾರೆ. ಪುಕ್ಲಲ್ಲ, ಲೆಕ್ಕ ಬಲ್ಲ ಪ್ರಾಣಿ.”

ಪುಸ್ತಕ ಓದಿ ಕಲಿತದ್ದಲ್ಲ ಇದು. ಸಹಿ ಹಾಕುವಷ್ಟು ಮಾತ್ರ ಅಕ್ಷರ ಬಲ್ಲ ಈ ಮನುಷ್ಯ ಇಪ್ಪತ್ತಾರು ವರ್ಷ ಕಂಬಿಯಾಚೆಯಿಂದ ನೋಡಿ ನೋಡಿ ಅರಗಿಸಿಕೊಂಡದ್ದು. ಮೈಸೂರು ರಸ್ತೆಯಲ್ಲಿ ಗಾಡಿ ಹೊಡೆಯುತ್ತಿದ್ದ ತಂದೆ ತೀರಿಹೋದ ವರ್ಷ, ಡೇರೆಯ ಗೂಟ ಹೊಡೆಯಲು ಆಳು ಬೇಕೆಂದು ಕರೆದವರ ಹಿಂದೆ ಹೊರಟರು. ಎಂಟು ವರ್ಷ ಗೂಟ, ಹದಿನೆಂಟು ವರ್ಷ ಹಗ್ಗ. ದಿನಕ್ಕೆ ಮೂರು ಆಟ. ಮೂರು ಸಿಂಹ, ಎರಡು ಹುಲಿ, ಹೋಗುವಾಗೊಮ್ಮೆ ಬರುವಾಗೊಮ್ಮೆ ಬಾಗಿಲೆತ್ತಬೇಕು. ಮೂವತ್ತು ಸಲ. ಚಂದ್ರಿ ಮಲಗಿದ ಮೇಲೆ ಇಪ್ಪತ್ತನಾಲ್ಕು. ಒಂದೊಂದು ಪ್ರಾಣಿಗೆ ಏಳೆಂಟು ಕಿಲೋ ಮಾಂಸ, ಸೋಮವಾರ ಮಾತ್ರ ಎಲ್ಲಕ್ಕೂ ಉಪವಾಸ. ಅವತ್ತು ಇವರೂ ಒಪ್ಪತ್ತು. “ಅವುಕ್ಕಿಲ್ದೆ ನಾನೊಬ್ನೇ ಉಂಡ್ರೆ ಚೆಂದಾಗಿರ್ತದಾ?”

ಹೆಂಡತಿ ಚಿಕ್ಕಗಂಗಮ್ಮ ಕೆಂಗೇರಿಯಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ ಮನೆ ಕಾಣುವ ಗಂಡ ಈ ಸಲ ಹತ್ತು ಮೈಲಿ ದೂರದಲ್ಲೇ ಇದ್ದಾರೆಂದು ದಿನ ಬಿಟ್ಟು ದಿನ ರೈಲು ಹತ್ತಿ, ಅಲ್ಲಿಂದ ಬಸ್ಸು ಹಿಡಿದು ಮುದ್ದೆ, ಹುರುಳಿ ಬಸ್ಸಾರು ತರುತ್ತಾರೆ. ಗಂಡ ಹುಲಿಯ ಭುಜಕ್ಕೆಂದು ಬೇವಿನೆಣ್ಣೆ ಕಾಯಿಸುವುದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. “ನಂಗೆ ತಲೆನೋವು ಬಂದಾಗ ಒಂದಿನಾನೂ ಅಮೃತಾಂಜನ ಹಚ್ಚಿದೋರಲ್ಲ ಕಣಪ್ಪ ಈವಯ್ಯ. ಮುಂದಿನ ಜನ್ಮಕ್ಕೆ ಹುಲಿಯಾಗೇ ಹುಟ್ಟಬೇಕು ನಾನು.” ಬಡಿಸುತ್ತ ಬಡಿಸುತ್ತ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಹೆಚ್ಚೇ ಬೀಳುತ್ತದೆ.

ಆಯುಧಪೂಜೆಯ ಕಥೆಯನ್ನು ಡೇರೆಯಲ್ಲಿ ಎಲ್ಲರೂ ಹೇಳುತ್ತಾರೆ, ಒಂದೇ ಥರ ಹೇಳುತ್ತಾರೆ. ದಾವಣಗೆರೆಯ ಬಿಡಾರ. ಬಹದ್ದೂರ್ ಎಂಬ ಸಿಂಹ ಆಟ ಮುಗಿಸಿ, ರಿಂಗಿನಿಂದ ಬೋನುಗಳಿಗೆ ಬರುವ ಕಂಬಿಯ ಓಣಿಯಲ್ಲಿ ನಡೆದು ಬರುತ್ತಿತ್ತು. ಚಂದ್ರಿ ತನ್ನ ಬೋನಿನ ಬಾಗಿಲನ್ನು ತಲೆಯಿಂದಲೇ ಮೇಲೆತ್ತಿ ಓಣಿಗೆ ನುಗ್ಗಿತು. ಬಾಗಿಲು ಅದರ ಹಿಂದೆ ದಡಾರನೆ ಬಿತ್ತು. ಹುಲಿ ನಿಂತು ಬಡಿಯಿತು, ಸಿಂಹದ ಕಿವಿ ಹರಿಯಿತು. ಸಿಂಹ ಕೊಟ್ಟ ಒಂದೇ ಏಟಿಗೆ ಹುಲಿಯ ಭುಜ ಬಿರಿಯಿತು. ಜನ ಪಂಜು ಹಿಡಿದು, ನೀರು ಎರಚಿ ಸಿಂಹವನ್ನು ಹಿಂದಕ್ಕಟ್ಟಲು ನೋಡಿದರು. ಆಗ ದೊಡ್ಡಹನುಮಯ್ಯ “ಸಿಮ್ಮ ಮುಟ್ಟಬ್ಯಾಡಿ, ಅದು ಹೋಗಕ್ಕಿಲ್ಲ! ಹುಲೀಗೆ ದಾರಿ ಕೊಡಿ!” ಎಂದು ಕೂಗಿ ಚಂದ್ರಿಯ ಹಿಂದಿನ ಬಾಗಿಲೆತ್ತಿದರು. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಹುಲಿ ಹಿಂದಕ್ಕೆ ಸರಿದು ಒಳಗೆ ಸೇರಿತು. ಬಹದ್ದೂರ್ ಗೆದ್ದವನ ಠೀವಿಯಲ್ಲಿ ಗರ್ಜಿಸುತ್ತ ಅಲ್ಲೇ ನಿಂತಿತು. ಎರಡು ಜೀವ ಉಳಿಯಿತು. ಭಲೇ! ಶಂಭುಲಿಂಗಪ್ಪನವರು ಪೂಜೆಗೆ ತಂದ ಹಾರವನ್ನೇ ಹನುಮಯ್ಯನವರ ಕೊರಳಿಗೆ ಹಾಕಿದರಂತೆ.

ನನ್ನ ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಹುಲಿ-ಸಿಂಹದ ನಡುವೆ ನಿಂತ ಕೆಂಗೇರಿಯ ವೀರ ಎಂದು ತಲೆಬರಹವನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಆದರೂ ಚಂದ್ರಿ ಎದ್ದು ನಿಲ್ಲುವುದನ್ನು ನೋಡಿಯೇ ಹೋಗೋಣವೆಂದು ಮೂರನೆಯ ದಿನ, ಶುಕ್ರವಾರವೂ ಬೆಳಗ್ಗೆ ಬಂದೆ. ಶಂಭುಲಿಂಗಪ್ಪನವರೂ ಬೇವಿನಕಡ್ಡಿ ಜಗಿಯುತ್ತ ಬಂದು ನಿಂತರು.

ಸಲಾಕೆ ಮೇಲೆ ಹೋಯಿತು. ಮೊದಲ ಸಲ ಇಲ್ಲ. ಎರಡನೆಯ ಸಲ ಇಲ್ಲ. ಮೂರನೆಯ ಸಲ ಚಂದ್ರಿ ಹಿಂಗಾಲುಗಳ ಮೇಲೆ ಪೂರ್ತಿ ಎದ್ದಳು. ಅಬ್ಬಾ, ಎಷ್ಟು ಎತ್ತರ! ಎರಡೂ ಪಂಜಗಳಿಂದ ಕಂಬಿಗೆ ಬಡಿದ ರಭಸಕ್ಕೆ ಬೋನಿನ ಗಾಲಿಗಳು ಅಲುಗಿದವು. ಮಾಂಸ ಒಳಗೆ ಹೋಯಿತು. ನಾನು ಮಗುವಿನಂತೆ ಚಪ್ಪಾಳೆ ತಟ್ಟಿಬಿಟ್ಟೆ. ದೊಡ್ಡಹನುಮಯ್ಯ ಮಾತ್ರ ಮ್ಯಾನೇಜರ ಮುಖವನ್ನೇ ನೋಡುತ್ತಿದ್ದರು.

“ಕಾಲೇನೋ ಸರಿಹೋಯ್ತು ಹನುಮಯ್ಯ. ಬುದ್ಧಿ?” ಶಂಭುಲಿಂಗಪ್ಪನವರು ಕಡ್ಡಿ ಉಗಿದರು. “ತಾನೇ ಬಾಗಿಲೆತ್ತಿ ಬಂದು ಮೇಲೆ ಬೀಳೋ ಹುಲಿ ಇದು. ನಾಳೆ ಜನದ ಮೇಲೆ ಬಿದ್ರೆ? ವ್ಯಾಪಾರಿ ಭಾನುವಾರ ಬರ್ತಾನೆ.”

ದೊಡ್ಡಹನುಮಯ್ಯ ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. “ಅವ್ಳು ಎತ್ತಲಿಲ್ಲ ಬುದ್ಧೀ. ನಾನೇ ಎತ್ತಿದ್ದು.”

ಆಮೇಲೆ ಹೇಳಿದ್ದು ಇಷ್ಟು. ಮೂರನೆಯ ಹಗ್ಗ ಬಹದ್ದೂರನದು, ನಾಲ್ಕನೆಯದು ಚಂದ್ರಿಯದು. ಹದಿನೆಂಟು ವರ್ಷ ಸಾಲು ಬದಲಾದದ್ದಿಲ್ಲ. ಆಯುಧಪೂಜೆಗೆ, ಬಹದ್ದೂರ್ ರಿಂಗಿನಲ್ಲಿದ್ದ ಹೊತ್ತಿನಲ್ಲೇ ಬೋನುಗಳನ್ನು ಹೊರಗೆ ತಳ್ಳಿ, ತೊಳೆದು, ಕುಂಕುಮವಿಟ್ಟು ಮತ್ತೆ ತಂದು ನಿಲ್ಲಿಸುವಾಗ ಮೂರು ನಾಲ್ಕು ಅದಲುಬದಲಾಗಿದ್ದವು. ಬಾಗಿಲುಗಳಿಗೆ ಬಾಳೆಕಂದು, ಚೆಂಡುಹೂವಿನ ಸರ ಕಟ್ಟಿ ಮುಚ್ಚಿದ್ದರಿಂದ ಒಳಗೆ ಯಾರೆಂದು ಕಾಣುತ್ತಿರಲಿಲ್ಲ. ಬಹದ್ದೂರ್ ಬಂತೆಂದು ಇವರ ಕೈ ತಾನಾಗಿ ಮೂರನೆಯ ಹಗ್ಗ ಎಳೆಯಿತು. ಹೊರಬಂದದ್ದು ಚಂದ್ರಿ. ಗಾಬರಿಯಲ್ಲಿ ಕೈ ಬಿಟ್ಟರು, ಬಾಗಿಲು ಅವಳ ಹಿಂದೆ ಬಿತ್ತು.

“ಎಳೆಯೋಕ್ ಮುಂಚೆ ಹೂವ ಸರಿಸಿ ನೋಡಬೇಕಾಗಿತ್ತು. ನೋಡ್ಲಿಲ್ಲ. ಅವ್ಳೇ ಎತ್ತುದ್ಲು ಅಂತ ಎಲ್ಲಾರೂ ಅಂದ್ರು, ನಾನು ಬಾಯಿ ಮುಚ್ಕಂಡೆ. ಕೆಲ್ಸ ಹೋದ್ರೆ ಅನ್ನೋ ಭಯ. ಕಾಲು ಸರಿಮಾಡ್ಬುಟ್ರೆ ಅವಳನ್ನ ಉಳುಸ್ಕಬಹುದು, ನಾನೂ ಉಳ್ಕಬಹುದು ಅಂದ್ಕಂಡಿದ್ದೆ.”

ಶಂಭುಲಿಂಗಪ್ಪನವರು ಎರಡು ಹೆಜ್ಜೆ ಮುಂದೆ ಬಂದರು. “ನಿನ್ ಕೊರಳಿಗೆ ಹಾರ ಹಾಕಿದ್ನಲ್ಲೋ ನಾನು!”

“ಹಾಕುದ್ರಿ ಬುದ್ಧೀ. ಅವತ್ತಿಂದ ನಿದ್ದೆ ಇಲ್ಲ.”

ಮ್ಯಾನೇಜರು ನನ್ನ ಕಡೆ ತಿರುಗಿದರು. ಪತ್ರಿಕೆಯವನ ಎದುರು ಮರ್ಯಾದೆ ಹೋಯಿತೆಂಬ ಸಿಟ್ಟು ಮುಖದಲ್ಲಿತ್ತು. ಬಿರಬಿರನೆ ಹೊರಟುಹೋದರು. ಇಷ್ಟು ವರ್ಷ ದುಡಿದ ಮನುಷ್ಯನನ್ನು ಸಂಜೆಯೊಳಗೆ ಗಂಟುಮೂಟೆ ಕಟ್ಟಿಸಿಬಿಟ್ಟರೆ ಎಂದು ಮನೆಗೆ ಹೋದರೂ ನನಗೆ ಊಟ ಸೇರಲಿಲ್ಲ. ತಪ್ಪು ಒಪ್ಪಿಕೊಳ್ಳದೆ ಪಿಂಚಣಿವರೆಗೂ ಆರಾಮವಾಗಿ ಹೋದ ಎಷ್ಟೋ ಜನರನ್ನು ನಾನು ಬಲ್ಲೆ. ಪದ್ಮನಾಭ ಮೇಷ್ಟ್ರಿಗೆ ಈ ಕಥೆ ಹೇಳಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಇಬ್ಬರಿಗೂ ಒಂದೊಂದು ಪೂರ್ತಿ ಕಾಫಿ ಹೇಳಿದರು.

ಶನಿವಾರ ಬೆಳಗ್ಗೆ ಓಡಿದೆ. ಬಾಗಿಲುಗಳ ಹಗ್ಗದ ಹತ್ತಿರ ಬೇರೊಬ್ಬರು ನಿಂತಿದ್ದಾರೆ. ದೊಡ್ಡಹನುಮಯ್ಯ ಕೈಯಲ್ಲಿ ಕಡ್ಡಿಪೊರಕೆ ಹಿಡಿದು ಬೋನುಗಳ ಕೆಳಗೆ ಗುಡಿಸುತ್ತಿದ್ದಾರೆ. ಹಗ್ಗದ ಕೆಲಸ ಹೋಯಿತು. ವ್ಯಾಪಾರಿಗೆ ಬರಬೇಡವೆಂದು ತಂತಿ ಹೋಗಿದೆ. ಚಂದ್ರಿ ಯುಗಾದಿಗೆ ಮತ್ತೆ ರಿಂಗಿಗೆ. ಬೆಳಗಿನ ಮಾಂಸ ಹಾಕುವ ಕೆಲಸವೊಂದನ್ನು ಮಾತ್ರ ಶಂಭುಲಿಂಗಪ್ಪನವರು ಇವರಿಂದ ಕಿತ್ತುಕೊಂಡಿಲ್ಲ.

ಹದಿನೆಂಟು ವರ್ಷದ ಹಗ್ಗ ಹೋಯಿತಲ್ಲ, ಬೇಜಾರಿಲ್ಲವೇ ಎಂದೆ.

“ಇಲ್ದೆ ಏನು ಸ್ವಾಮಿ, ಐತೆ,” ಎಂದರು ಅವರು ಪೊರಕೆ ಬೋನಿನ ಗಾಲಿಗೆ ಆನಿಸುತ್ತ. “ಆದ್ರೆ ನಾಕು ತಿಂಗ್ಳಿಂದ ಅವಳ ಮುಖ ನೋಡ್ದೆ ಮಾಂಸ ಹಾಕ್ತಿದ್ದೆ. ಇವತ್ತು ನೋಡ್ಕಂಡೇ ಹಾಕ್ದೆ.”