ಹೂ ಕೇಳಿದ ಸಂಜೆ

ಇವತ್ತು ಸಂಜೆ ದೀಪ ಹಚ್ಚುವಾಗ ದೇವರ ಪಟದ ಮೇಲಿನ ಕಣಗಿಲೆ ಎಡಕ್ಕೆ ಜಾರಿ ಬಿತ್ತು. ಬತ್ತಿಗೆ ಹಿಡಿದಿದ್ದ ಕಡ್ಡಿಯನ್ನು ಆರಿಸಿಬಿಟ್ಟೆ. ನಗಬೇಡಿ, ಮಿಕ್ಸಿ ಕೊಳ್ಳುವುದಕ್ಕೂ ಹೂವಿನ ಒಪ್ಪಿಗೆಗೆ ಕಾಯುವ ಹೆಂಗಸು ನಾನು. ಅತ್ತ ಟಿವಿಯಲ್ಲಿ ಗರ್ಭ ತೆಗೆಸುವ ಕಾನೂನು ಹೇಗಿರಬೇಕೆಂದು ನಾಲ್ಕು ಜನ ಗಂಡಸರು ಮೇಜು ಕುಟ್ಟಿ ಜಗಳವಾಡುತ್ತಿದ್ದರು. ಒದ್ದೆ ಹೂವಿನ ವಾಸನೆ, ಆ ಗಂಡು ದನಿಗಳು ಎರಡೂ ಸೇರಿ ನನ್ನನ್ನು ಹಾರನಹಳ್ಳಿಯ ಅಮ್ಮನ ಗುಡಿಗೆ ಎಳೆದುಕೊಂಡು ಹೋದವು.

ತೊಂಬತ್ತರ ದಶಕದ ಮಾತು. ನಾನು ಹಾರನಹಳ್ಳಿಯ ಮನೆಗೆ ಕಿರಿ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಹಿರಿ ಸೊಸೆ, ನಾನು ಅಕ್ಕ ಎನ್ನುತ್ತಿದ್ದ ಓರಗಿತ್ತಿ, ಮೂರನೆಯ ಸಲ ಬಸುರಿ. ಎರಡನೆಯ ಹೆರಿಗೆಯಲ್ಲೇ ಸತ್ತು ಬದುಕಿದವಳು. ಅರಸೀಕೆರೆಯ ಡಾಕ್ಟರಮ್ಮ, "ಇದನ್ನ ಉಳಿಸಿಕೊಂಡ್ರೆ ನೀವು ಉಳಿಯೋದು ಕಷ್ಟ" ಎಂದಿದ್ದರು. ಇದ್ದದ್ದು ಇಬ್ಬರೂ ಹೆಣ್ಣುಮಕ್ಕಳು, ಅತ್ತೆಗೆ ಮೊಮ್ಮಗ ಬೇಕು. ಭಾವ "ಅವ್ವ ಹೇಳ್ದಂಗೆ" ಎಂದು ಬಾಯಿಗೆ ಎಲೆ ಅಡಿಕೆ ತುಂಬಿಕೊಂಡರು. ಹಳೇಬೀಡಿನಿಂದ ಬಂದ ಅಕ್ಕನ ಅಣ್ಣ, ತೆಗೆಸಲೇಬೇಕೆಂದು ಕೂಗಾಡಿದ. ಊರಿಗೆಲ್ಲ ಬಾಯಿತ್ತು, ಬಸಿರು ಹೊತ್ತವಳಿಗೆ ಮಾತ್ರ ಇರಲಿಲ್ಲ. ಮಾತು ಬಗೆಹರಿಯದೆ ಕೊನೆಗೆ ಅಮ್ಮನ ಹತ್ತಿರ ಹೂ ಕೇಳುವುದೆಂದಾಯಿತು. ಒದ್ದೆ ಹೂವನ್ನು ವಿಗ್ರಹಕ್ಕೆ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಬಸಿರು ಇರಲಿ, ಎಡಕ್ಕೆ ಬಿದ್ದರೆ ಬೇಡ.

"ಬಸುರಿ ಹೊರಗಿರ್ಲಿ, ಗಾಳಿ ಸೋಕ್ತದೆ" ಎಂದು ಅತ್ತೆ ಅಕ್ಕನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ ಬಂದರು.

ಹೂವು ಬೀಳಲಿಲ್ಲ. "ಕೊಡವ್ವ, ಕೊಡು ತಾಯಿ" ಎಂದು ಕರೆದೂ ಕರೆದೂ ಪೂಜಾರಪ್ಪನ ಗಂಟಲು ಕಟ್ಟಿತು. ನೀರು ಆರಿತು, ಎಸಳು ಬಾಡಿತು, ಹೂವು ಮಾತ್ರ ಕಲ್ಲಿಗೆ ಬೇರು ಬಿಟ್ಟಂತೆ ಅಲ್ಲೇ ಇತ್ತು. ದೀಪದ ಕುಡಿ ಕೂಡ ಅಲುಗಲಿಲ್ಲ. ಹೊರಗೆ ಕೂಗುತ್ತಿದ್ದ ಕಾಗೆಗಳು ಯಾವಾಗ ಸುಮ್ಮನಾದವೋ ಗೊತ್ತಾಗಲಿಲ್ಲ. ಅಮ್ಮನ ಬೆಳ್ಳಿ ಕಣ್ಣುಗಳು ನಮ್ಮನ್ನು ಬಿಟ್ಟು, ನಮ್ಮ ತಲೆಯ ಮೇಲಿಂದ ಬಾಗಿಲನ್ನೇ ನೋಡುತ್ತಿವೆ ಅನ್ನಿಸಿತು. ತಿರುಗಿದೆ. ಹೊಸಿಲಲ್ಲಿ ಅಕ್ಕ ನಿಂತಿದ್ದಳು. ಬಳೆಯ ಸದ್ದೂ ಕೇಳಿರಲಿಲ್ಲ.

"ತಾಯಿ, ನಾನು ಕೇಳಕ್ಕೆ ಬರ್ಲಿಲ್ಲ, ಹೇಳಿ ಹೋಗಕ್ಕೆ ಬಂದೆ. ನನ್ನೆರಡು ಮಕ್ಳಿಗೆ ಅವ್ವ ಬೇಕು. ನಾಳೆ ಅರಸೀಕೆರೆಗೆ ಹೋಯ್ತೀನಿ."

ಅಂದದ್ದೇ ತಡ, ಹೂವು ಬಿತ್ತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ನೆಟ್ಟಗೆ ಮುಂದಕ್ಕೆ ಉರುಳಿ ಹೊಸಿಲಿನ ತನಕ ಬಂತು. "ಇದೇನು, ಬಲವೋ ಎಡವೋ?" ಎಂದರು ಅತ್ತೆ. ಪೂಜಾರಪ್ಪ ಬಗ್ಗಿ ದೀಪಕ್ಕೆ ಎಣ್ಣೆ ಹಾಕತೊಡಗಿದ.

ಮಾರನೆಯ ದಿನ ಟೆಂಪೋದಲ್ಲಿ ಅಕ್ಕನ ಜೊತೆ ಹೋದವಳು ನಾನೊಬ್ಬಳೇ. ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದ ನೋಡಿ, "ಭಾವನೋರ ಸಹಿ ಬೇಡ್ವಾ?" ಎಂದು ತೊದಲಿದೆ. "ಕಾನೂನು ಕೇಳೋದು ಇವರ ಒಪ್ಪಿಗೆ ಕಣಮ್ಮ, ಅವರದ್ದಲ್ಲ" ಎಂದರು ಡಾಕ್ಟರಮ್ಮ. ದೇವರೂ ಕಾನೂನೂ ಒಂದೇ ಮಾತು ಆಡಿದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಅಕ್ಕ ಈಗ ನಮ್ಮ ಮನೆಗೆ ಬಂದಿದ್ದಾಳೆ, ಟಿವಿಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಾಳೆ. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಅಕ್ಕ, ಅವತ್ತು ಹೂವು ನಿನ್ನ ಕಾಲ ಹತ್ರಕ್ಕೇ ಬಂತಲ್ಲ, ಭಯ ಆಗ್ಲಿಲ್ವಾ?"

"ಯಾವ ಹೂವೇ? ನಾನೆಲ್ಲಿ ನೋಡ್ದೆ? ಹೇಳಿದ್ದೇ ತಿರುಗಿ ಹೊಂಟೆ ಕಣೇ."

ಎದ್ದು ಟಿವಿ ಆರಿಸಿದೆ. ಇನ್ನೊಂದು ಕಣಗಿಲೆ ತಂದು ಪಟಕ್ಕೆ ಮುಡಿಸಿ, ಅಕ್ಕನ ಪಕ್ಕ ಬಂದು ಕೂತು ಒಂದು ಹಿಡಿ ಅವರೆಕಾಯಿ ಎತ್ತಿಕೊಂಡೆ. ಬೆನ್ನ ಹಿಂದೆ ಮೆಲ್ಲಗೆ ಏನೋ ಬಿದ್ದಂತಾಯಿತು. ನಾನು ತಿರುಗಿ ನೋಡಲಿಲ್ಲ.